ಗೆಳೆಯರ ಆಟಕ್ಕೆ ಲಿನಕ್ಸೋ, ವಿಂಡೋಸೋ?

ಆಟವನ್ನು ಓಡಿಸುವ ಶಕ್ತಿ ಲಿನಕ್ಸ್‌ಗೆ ಬಂದಾಗಿದೆ. ಗೆಳೆಯರೊಡನೆ ಕೂಡಿ ಆಡುವ ಅನುಮತಿ ಮಾತ್ರ ಇನ್ನೂ ಬೇರೆಯವರ ಕೈಯಲ್ಲಿದೆ.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಬೆಂಬಲವನ್ನು ಅಂತ್ಯಗೊಳಿಸಿತು. 2015ರ ಜುಲೈ ತಿಂಗಳಲ್ಲಿ ಬಿಡುಗಡೆಯಾಗಿ ಹತ್ತು ವರ್ಷಗಳ ಕಾಲ ಮನೆಮನೆಯ ಗಣಕಯಂತ್ರಗಳನ್ನು ನಡೆಸಿದ ಕಾರ್ಯಾಚರಣ ವ್ಯವಸ್ಥೆ ಅದು. ವೈಯಕ್ತಿಕ ಬಳಕೆದಾರರಿಗೆ ಇನ್ನೊಂದು ವರ್ಷದ ಮಟ್ಟಿಗೆ ಹೆಚ್ಚುವರಿ ಭದ್ರತಾ ಪರಿಷ್ಕರಣೆಗಳನ್ನು ಪಡೆಯುವ ಅವಕಾಶವನ್ನು ಸಂಸ್ಥೆ ಪ್ರಕಟಿಸಿತಾದರೂ, ಅದು ಗಡುವನ್ನು ಮುಂದೂಡಿತೇ ಹೊರತು ಪ್ರಶ್ನೆಯನ್ನು ಬಗೆಹರಿಸಲಿಲ್ಲ. ಉತ್ತರಾಧಿಕಾರಿಯಾದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ಬಿಲ್ಲೆಯನ್ನು ಕೇಳುತ್ತದೆ. ಇಂಟೆಲ್ ಸಂಸ್ಕಾರಕವಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದೋ ಅದಕ್ಕಿಂತ ಈಚಿನದೋ ಆಗಿರಬೇಕೆನ್ನುತ್ತದೆ. ಕೆಟ್ಟುಹೋಗದ, ಕೆಲಸಕ್ಕೇನೂ ಕೊರತೆಯಿಲ್ಲದ ಎಷ್ಟೋ ಯಂತ್ರಗಳು ಈ ಷರತ್ತಿನ ಆಚೆಗೆ ಉಳಿದುಬಿಟ್ಟವು.

ಇಂಥ ಯಂತ್ರಗಳ ಒಡೆಯರಿಗೆ ಮುಕ್ತ ತಂತ್ರಾಂಶದ ಅಭಿಮಾನಿಗಳು ಕೊಡುವ ಸಲಹೆ ಒಂದೇ: ಲಿನಕ್ಸ್ ಹಾಕಿಕೊಳ್ಳಿ. ಬರವಣಿಗೆ, ಅಂತರ್ಜಾಲ, ಚಲನಚಿತ್ರ, ಕಚೇರಿಯ ಸಾಮಾನ್ಯ ಕೆಲಸ - ಇಷ್ಟಕ್ಕೆ ಆ ಸಲಹೆ ಸರಿಯಾದದ್ದೇ. ಆದರೆ ರಾತ್ರಿ ಊಟ ಮುಗಿಸಿ ಒಂಬತ್ತರ ಹೊತ್ತಿಗೆ ನಾಲ್ವರು ಗೆಳೆಯರ ಜೊತೆ ಆಟಕ್ಕೆ ಕೂರುವ ಅಭ್ಯಾಸವಿರುವವರಿಗೆ ಅದು ಅಷ್ಟು ಸುಲಭದ ಸಲಹೆಯಲ್ಲ. ಲಿನಕ್ಸ್ ಹಾಕಿಕೊಂಡ ಮೇಲೆ ಆಟ ತೆರೆದುಕೊಳ್ಳುತ್ತದೆಯೇ? ತೆರೆದುಕೊಂಡರೂ ಗೆಳೆಯರಿರುವ ಕೋಣೆಗೆ ಪ್ರವೇಶ ಸಿಗುತ್ತದೆಯೇ? ಇವೆರಡೂ ಬೇರೆಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಇಂದು ಬಹುಮಟ್ಟಿಗೆ ಒಳ್ಳೆಯ ಉತ್ತರವಿದೆ. ಎರಡನೆಯದರ ಉತ್ತರ ತಂತ್ರಜ್ಞಾನದಲ್ಲಿಲ್ಲ. ಆಟದ ಪ್ರಕಾಶಕರ ಇಚ್ಛೆಯಲ್ಲಿದೆ.

ಒಬ್ಬನ ಆಯ್ಕೆಯಲ್ಲ, ಬಳಗದ ಆಯ್ಕೆ

ಎರಡು ದಶಕಗಳ ಹಿಂದೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಸೈಬರ್ ಕೆಫೆಗಳಲ್ಲಿ ಹುಡುಗರು ಸಾಲಾಗಿ ಕುಳಿತು ಕೌಂಟರ್-ಸ್ಟ್ರೈಕ್ ಆಡುತ್ತಿದ್ದ ಕಾಲದಲ್ಲಿ ಈ ಪ್ರಶ್ನೆ ಹುಟ್ಟುವಂತೆಯೇ ಇರಲಿಲ್ಲ. ಯಂತ್ರಗಳೆಲ್ಲ ಕೆಫೆಯ ಮಾಲೀಕನವು. ಎಲ್ಲದರಲ್ಲೂ ಇದ್ದದ್ದು ಒಂದೇ ವಿಂಡೋಸ್. ಇಂದು ಗೆಳೆಯರು ಒಬ್ಬೊಬ್ಬರು ಒಂದೊಂದು ಊರಿನಲ್ಲಿ, ಕೆಲವೊಮ್ಮೆ ಒಂದೊಂದು ದೇಶದಲ್ಲಿದ್ದಾರೆ. ಕಾಲೇಜು ಮುಗಿಸಿ ಚದುರಿಹೋದ ಬಳಗವು ವಾರಕ್ಕೆ ಎರಡು ಸಂಜೆ ಮತ್ತೆ ಒಂದಾಗುವುದು ಆಟದ ನೆಪದಲ್ಲಿಯೇ. ಆಟ ನೆಪ, ಹರಟೆಯೇ ಮುಖ್ಯ ಎಂದರೂ ತಪ್ಪಾಗದು.

ಒಬ್ಬನೇ ಆಡುವ ಆಟದಲ್ಲಿ ಕಾರ್ಯಾಚರಣ ವ್ಯವಸ್ಥೆಯ ಆಯ್ಕೆ ಸಂಪೂರ್ಣವಾಗಿ ಖಾಸಗಿ ವಿಷಯ. ಒಂದು ಆಟ ಓಡದಿದ್ದರೆ ಇನ್ನೊಂದನ್ನು ಕೊಂಡರಾಯಿತು. ಕೂಡಿ ಆಡುವ ಆಟದಲ್ಲಿ ಹಾಗಲ್ಲ. ವ್ಯಾಲರಂಟ್ ಆಟದ ಒಂದು ತಂಡಕ್ಕೆ ಐವರು ಬೇಕು. ಐವರಲ್ಲಿ ಒಬ್ಬ ಲಿನಕ್ಸ್‌ಗೆ ಹೋದರೆ ಉಳಿದ ನಾಲ್ವರ ಮುಂದೆ ಎರಡೇ ದಾರಿ: ಐದನೆಯ ಸ್ಥಾನಕ್ಕೆ ಅಪರಿಚಿತನನ್ನು ಸೇರಿಸಿಕೊಳ್ಳುವುದು, ಇಲ್ಲವೇ ಆಟವನ್ನೇ ಬದಲಿಸುವುದು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂಬ ಮಾತನ್ನು ಬಳಗದವರು ತಮಾಷೆಗೆ ಆಡಬಹುದು. ಆದರೆ ಒಬ್ಬನ ಯಂತ್ರದಲ್ಲಿ ಆದ ಬದಲಾವಣೆಯ ಪರಿಣಾಮ ಐವರ ಸಂಜೆಯ ಮೇಲೆ ಆಗುತ್ತದೆ ಎಂಬುದು ತಮಾಷೆಯ ಸಂಗತಿಯಲ್ಲ.

ದುಭಾಷಿಯ ಸಾಹಸ

ಲಿನಕ್ಸ್‌ನಲ್ಲಿ ಆಟಗಳೇ ಇಲ್ಲ ಎಂಬ ಹಳೆಯ ದೂರು ಈಗ ಸವಕಲಾಗಿದೆ. ಅದು ಹೇಗಾಯಿತೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ವಿಂಡೋಸ್‌ಗಾಗಿ ಬರೆದ ಆಟವೊಂದು ಪರದೆಯ ಮೇಲೆ ಚಿತ್ರ ಬಿಡಿಸಬೇಕಾದರೆ ನೇರವಾಗಿ ಯಂತ್ರಾಂಶದೊಡನೆ ಮಾತನಾಡುವುದಿಲ್ಲ. ಮೈಕ್ರೋಸಾಫ್ಟ್ 1995ರಲ್ಲಿ ಹೊರತಂದ ಡೈರೆಕ್ಟ್‌ಎಕ್ಸ್ ಎಂಬ ಸಾಧನದ ಮೂಲಕ ಮಾತನಾಡುತ್ತದೆ. ಲಿನಕ್ಸ್‌ಗೆ ಡೈರೆಕ್ಟ್‌ಎಕ್ಸ್‌ನ ಭಾಷೆ ಬಾರದು. 1993ರಲ್ಲಿಯೇ ಆರಂಭವಾಗಿದ್ದ ವೈನ್ ಎಂಬ ಮುಕ್ತ ತಂತ್ರಾಂಶ ಯೋಜನೆ ಇಲ್ಲಿ ದುಭಾಷಿಯ ಕೆಲಸಕ್ಕೆ ನಿಂತಿತು. ವಿಂಡೋಸ್ ತಂತ್ರಾಂಶ ಕೇಳುವುದನ್ನು ಲಿನಕ್ಸ್‌ಗೆ ತಿಳಿಯುವಂತೆ ಹೇಳುವುದು, ಬಂದ ಉತ್ತರವನ್ನು ವಿಂಡೋಸ್‌ನ ಧಾಟಿಯಲ್ಲಿ ಒಪ್ಪಿಸುವುದು ಅದರ ಕಾಯಕ. ಹದಿನೈದು ವರ್ಷಗಳ ದುಡಿಮೆಯ ನಂತರ 2008ರಲ್ಲಿ ಅದರ 1.0 ಆವೃತ್ತಿ ಹೊರಬಂದಿತು. ಆದರೂ ದೊಡ್ಡ ಆಟಗಳ ವಿಷಯದಲ್ಲಿ ಫಲಿತಾಂಶ ಲಾಟರಿಯಂತೆಯೇ ಇತ್ತು.

ಚಿತ್ರ ಬದಲಾದದ್ದು ಅಮೆರಿಕದ ವಾಲ್ವ್ ಸಂಸ್ಥೆ ಕೈಹಾಕಿದ ಮೇಲೆ. ಸ್ಟೀಮ್ ಎಂಬ ಆಟಗಳ ಅಂಗಡಿಯನ್ನು 2003ರಿಂದ ನಡೆಸುತ್ತಿರುವ ಈ ಸಂಸ್ಥೆಯ ಮುಖ್ಯಸ್ಥ ಗೇಬ್ ನ್ಯೂವೆಲ್ ಹಿಂದೆ ಮೈಕ್ರೋಸಾಫ್ಟ್‌ನಲ್ಲಿಯೇ ದುಡಿದವರು. 2012ರಲ್ಲಿ ವಿಂಡೋಸ್ 8 ತನ್ನದೇ ಅಂಗಡಿಯೊಡನೆ ಬಂದಾಗ, ವಿಂಡೋಸ್ ಒಂದನ್ನೇ ನೆಚ್ಚಿಕೊಂಡರೆ ಮುಂದೆ ಅಪಾಯವೆಂದು ಅವರು ಬಹಿರಂಗವಾಗಿ ಎಚ್ಚರಿಸಿದರು. 2013ರ ಫೆಬ್ರವರಿಯಲ್ಲಿ ಸ್ಟೀಮ್ ಲಿನಕ್ಸ್‌ಗೆ ಬಂದಿತು. 2015ರಲ್ಲಿ ಮಾರುಕಟ್ಟೆಗೆ ಬಂದ ಸ್ಟೀಮ್ ಮಷೀನ್ ಎಂಬ ಲಿನಕ್ಸ್ ಆಟದ ಪೆಟ್ಟಿಗೆಗಳು ನೆಲಕಚ್ಚಿದವು. ಕಾರಣ ಸರಳ: ಪೆಟ್ಟಿಗೆಯಿತ್ತು, ಆಟಗಳಿರಲಿಲ್ಲ.

ಆ ಸೋಲು ಕಲಿಸಿದ ಪಾಠವೇ 2018ರ ಆಗಸ್ಟ್‌ನಲ್ಲಿ ಬಂದ ಪ್ರೋಟಾನ್. ಆಟದ ತಯಾರಕರನ್ನು ಲಿನಕ್ಸ್‌ಗೆ ಬರುವಂತೆ ಬೇಡುವ ಬದಲು, ಅವರು ವಿಂಡೋಸ್‌ಗೆಂದು ಬರೆದುದನ್ನೇ ಓಡಿಸಿಬಿಡುವುದು ಅದರ ತಂತ್ರ. ವೈನ್‌ನ ಅಡಿಪಾಯದ ಮೇಲೆ, ಡೈರೆಕ್ಟ್‌ಎಕ್ಸ್‌ನ ಆದೇಶಗಳನ್ನು 2016ರಲ್ಲಿ ಪ್ರಕಟವಾದ ವಲ್ಕನ್ ಎಂಬ ಮುಕ್ತ ಮಾನಕಕ್ಕೆ ಭಾಷಾಂತರಿಸುವ ಡಿಎಕ್ಸ್‌ವಿಕೆ ಮೊದಲಾದ ತಂತ್ರಾಂಶಗಳನ್ನು ಜೋಡಿಸಿ ಇದನ್ನು ಕಟ್ಟಲಾಯಿತು. 2022ರ ಫೆಬ್ರವರಿಯಲ್ಲಿ ಇದೇ ತಂತ್ರವನ್ನು ನೆಚ್ಚಿದ ಸ್ಟೀಮ್ ಡೆಕ್ ಎಂಬ ಅಂಗೈ ಯಂತ್ರ ಹೊರಬಂದಿತು. ಅದರೊಳಗಿರುವುದು ಆರ್ಚ್ ಲಿನಕ್ಸ್ ಆಧಾರಿತ ಸ್ಟೀಮ್‌ಓಎಸ್. ಪರಿಣಾಮವಾಗಿ, ಒಬ್ಬನೇ ಆಡುವ ಆಟಗಳಲ್ಲಿ ಬಹುಪಾಲು ಇಂದು ಲಿನಕ್ಸ್‌ನಲ್ಲಿ ಯಾವ ಕಸರತ್ತೂ ಇಲ್ಲದೆ ತೆರೆದುಕೊಳ್ಳುತ್ತವೆ. ಸ್ಟೀಮ್ ತಾನೇ ನಡೆಸುವ ಮಾಸಿಕ ಸಮೀಕ್ಷೆಯಲ್ಲಿ ಲಿನಕ್ಸ್ ಬಳಕೆದಾರರ ಪಾಲು 2025ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ಶೇಕಡಾ 3ನ್ನು ದಾಟಿತು. ಸಣ್ಣ ಸಂಖ್ಯೆಯೇ ಸರಿ. ಆದರೆ ಬೆಳೆಯುತ್ತಿರುವ ಸಂಖ್ಯೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ

ಚಿತ್ರ ಮೂಡುತ್ತದೆ, ಸದ್ದು ಕೇಳುತ್ತದೆ, ಕೀಲಿಮಣೆ ಸ್ಪಂದಿಸುತ್ತದೆ. ಹಾಗಿದ್ದರೂ ಗೆಳೆಯರ ಕೋಣೆಗೆ ಪ್ರವೇಶವಿಲ್ಲವೆಂದರೆ ತಡೆಯುತ್ತಿರುವವರು ಯಾರು? ಮೋಸತಡೆ ತಂತ್ರಾಂಶ.

ಜಾಲದ ಮೇಲೆ ಆಡುವ ಸ್ಪರ್ಧೆಯ ಆಟಗಳಿಗೆ ಮೋಸಗಾರರ ಕಾಟ ವಿಪರೀತ. ಗೋಡೆಯ ಆಚೆಗಿರುವ ಎದುರಾಳಿಯನ್ನು ಕಾಣಿಸುವ, ಗುರಿಯನ್ನು ತಾನಾಗಿಯೇ ಹಿಡಿದುಕೊಡುವ ಕಳ್ಳ ತಂತ್ರಾಂಶಗಳನ್ನು ಹಣಕ್ಕೆ ಮಾರುವ ದಂಧೆಯೇ ಇದೆ. ಒಬ್ಬ ಮೋಸಗಾರ ಸೇರಿದರೆ ಉಳಿದ ಒಂಬತ್ತು ಮಂದಿಯ ಆಟ ಹಾಳು. ಹಾಗಾಗಿ ಪ್ರಕಾಶಕರು ಪ್ರತಿ ಆಟಗಾರನ ಯಂತ್ರದಲ್ಲಿ ಕಾವಲುಗಾರನನ್ನು ಕೂರಿಸುತ್ತಾರೆ.

ಈ ಕಾವಲುಗಾರ ಎಲ್ಲಿ ಕೂರುತ್ತಾನೆಂಬುದೇ ಇಲ್ಲಿ ನಿರ್ಣಾಯಕ. ಕಾರ್ಯಾಚರಣ ವ್ಯವಸ್ಥೆಯನ್ನು ದೇವಾಲಯಕ್ಕೆ ಹೋಲಿಸುವುದಾದರೆ, ಬ್ರೌಸರ್, ಪದಸಂಸ್ಕಾರಕ, ಆಟ ಮುಂತಾದ ಸಾಮಾನ್ಯ ತಂತ್ರಾಂಶಗಳೆಲ್ಲ ನವರಂಗದಲ್ಲಿ ನಿಲ್ಲುವ ಭಕ್ತರು. ಗರ್ಭಗುಡಿಯೆಂದರೆ ಕರ್ನೆಲ್. ಸ್ಮೃತಿ, ಸಂಸ್ಕಾರಕ, ಡಿಸ್ಕ್ ಎಲ್ಲದರ ಮೇಲೂ ಅಧಿಕಾರವಿರುವ ತಿರುಳು ಅದು. ಮೋಸದ ತಂತ್ರಾಂಶಗಳು ಗರ್ಭಗುಡಿಯವರೆಗೆ ನುಸುಳಲು ಕಲಿತ ಮೇಲೆ ಕಾವಲುಗಾರರೂ ಅಲ್ಲಿಗೇ ಪ್ರವೇಶ ಕೇಳತೊಡಗಿದರು. ರಾಯಟ್ ಸಂಸ್ಥೆ 2020ರಲ್ಲಿ ವ್ಯಾಲರಂಟ್‌ನೊಡನೆ ತಂದ ವ್ಯಾನ್‌ಗಾರ್ಡ್ ಇಂಥದ್ದು. ಆಟ ತೆರೆದಾಗಲ್ಲ, ಯಂತ್ರ ಚಾಲೂ ಆದಾಗಲೇ ಅದು ಎಚ್ಚರಗೊಳ್ಳುತ್ತದೆ. ಕಾಲ್ ಆಫ್ ಡ್ಯೂಟಿ ಆಟಗಳಿಗೆ 2021ರಲ್ಲಿ ಬಂದ ರಿಕೋಶೆ ಕೂಡ ಅದೇ ಜಾತಿಯದು.

ವಿಂಡೋಸ್‌ನ ಗರ್ಭಗುಡಿಗೆ ಬೀಗವಿದೆ. ಅದರ ಕೀಲಿ ಮೈಕ್ರೋಸಾಫ್ಟ್ ಬಳಿ. ಆ ಸಂಸ್ಥೆಯ ಸಹಿಯಿಲ್ಲದ ಚಾಲಕ ತಂತ್ರಾಂಶ ಸಾಮಾನ್ಯವಾಗಿ ಒಳಗೆ ಹೋಗಲಾರದು. ಲಿನಕ್ಸ್‌ನಲ್ಲಿ ಹಾಗಿಲ್ಲ. ಅದರ ಕರ್ನೆಲ್‌ನ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ತಮ್ಮ ಯಂತ್ರದಲ್ಲಿ ನಡೆಸಬಹುದು. ಯಂತ್ರದ ಒಡೆಯನೇ ಅದರ ಪರಮಾಧಿಕಾರಿ ಎಂಬುದು ಮುಕ್ತ ತಂತ್ರಾಂಶದ ಮೂಲತತ್ವ. ಮೋಸತಡೆ ತಂತ್ರಾಂಶದ ತತ್ವ ಇದಕ್ಕೆ ನೇರ ವಿರುದ್ಧ: ಒಡೆಯನನ್ನೇ ನಂಬಬಾರದು! ಜಗಳ ವಿಂಡೋಸ್ ಮತ್ತು ಲಿನಕ್ಸ್‌ಗಳ ನಡುವಿನದಲ್ಲ, ಈ ಎರಡು ತತ್ವಗಳ ನಡುವಿನದು.

ಇದಕ್ಕೆ ಸಾಕ್ಷಿ ಬಹುತೇಕ ಎಲ್ಲರ ಜೇಬಿನಲ್ಲಿಯೇ ಇದೆ. ಆಂಡ್ರಾಯ್ಡ್ ದೂರವಾಣಿಯ ಒಳಗಿರುವ ಕರ್ನೆಲ್ ಲಿನಕ್ಸ್‌ನದೇ. 2021ರ ಜುಲೈನಲ್ಲಿ ಭಾರತಕ್ಕೆ ಬಂದ ಬಿಜಿಎಂಐ ಆಟವನ್ನು ಕರ್ನಾಟಕದ ಯುವಜನರು ಲಿನಕ್ಸ್ ಎಂಬ ಹೆಸರನ್ನೇ ಕೇಳದೆ ಲಿನಕ್ಸ್ ಕರ್ನೆಲ್‌ನ ಮೇಲೆಯೇ ಆಡಿದರು. ಅಲ್ಲಿ ಪ್ರಕಾಶಕರಿಗೆ ಅಳುಕಿಲ್ಲವೇಕೆ? ದೂರವಾಣಿಯ ತಯಾರಕ ಬೀಗ ಹಾಕಿಯೇ ಮಾರಿರುತ್ತಾನೆ. ಒಡೆಯನ ಕೈಯಲ್ಲಿ ಗರ್ಭಗುಡಿಯ ಕೀಲಿಯಿರುವುದಿಲ್ಲ. ಪ್ರಕಾಶಕರಿಗೆ ಬೇಡವಾದದ್ದು ಲಿನಕ್ಸ್ ಅಲ್ಲ, ಕೀಲಿ ಬಳಕೆದಾರನ ಬಳಿಯಿರುವುದು.

ತೆರೆದ ಬಾಗಿಲು ಮುಚ್ಚಿದ ಬಗೆ

2021ರ ಸೆಪ್ಟೆಂಬರ್‌ನಲ್ಲಿ ಆಶಾದಾಯಕ ಸುದ್ದಿಯೊಂದು ಬಂದಿತ್ತು. ಹೆಚ್ಚು ಬಳಕೆಯಲ್ಲಿರುವ ಎರಡು ಮೋಸತಡೆ ತಂತ್ರಾಂಶಗಳಾದ ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ, ಪ್ರೋಟಾನ್‌ನಡಿಯಲ್ಲಿಯೂ ಕೆಲಸ ಮಾಡಲು ಸಿದ್ಧವೆಂದು ಪ್ರಕಟಿಸಿದವು. ಆದರೆ ಒಂದು ಷರತ್ತು: ಅವಕಾಶವನ್ನು ತೆರೆಯಬೇಕೋ ಬೇಡವೋ ಎಂಬುದನ್ನು ಆಯಾ ಆಟದ ತಯಾರಕರೇ ನಿರ್ಧರಿಸಬೇಕು. ಕೆಲವರು ತೆರೆದರು. ಎಲ್ಡನ್ ರಿಂಗ್ ಈಸಿ ಆಂಟಿ-ಚೀಟ್ ಸಮೇತ ಲಿನಕ್ಸ್‌ನಲ್ಲಿ ಓಡಿತು. ಹಲವರು ತೆರೆಯಲಿಲ್ಲ. ವಿಚಿತ್ರವೆಂದರೆ ಈಸಿ ಆಂಟಿ-ಚೀಟ್‌ನ ಒಡೆತನ ಹೊಂದಿರುವ ಎಪಿಕ್ ಸಂಸ್ಥೆಯೇ ತನ್ನ ಫೋರ್ಟ್‌ನೈಟ್ ಆಟಕ್ಕೆ ಅದನ್ನು ತೆರೆಯಲು ಒಪ್ಪಲಿಲ್ಲ. ಸಂಸ್ಥೆಯ ಮುಖ್ಯಸ್ಥ ಟಿಮ್ ಸ್ವೀನಿ 2022ರ ಫೆಬ್ರವರಿಯಲ್ಲಿ ಅದನ್ನು ಸ್ಪಷ್ಟಪಡಿಸಿದರು.

ಇನ್ನೂ ಕಷ್ಟಕರವಾದದ್ದು, ಒಮ್ಮೆ ತೆರೆದ ಬಾಗಿಲು ಮತ್ತೆ ಮುಚ್ಚಿದ ಪ್ರಸಂಗಗಳು. 2024 ಈ ದೃಷ್ಟಿಯಿಂದ ಲಿನಕ್ಸ್ ಆಟಗಾರರಿಗೆ ಕಹಿ ವರ್ಷ. ಆ ವರ್ಷದ ಮೇ ತಿಂಗಳಲ್ಲಿ ಲೀಗ್ ಆಫ್ ಲೆಜೆಂಡ್ಸ್ ಆಟಕ್ಕೆ ವ್ಯಾನ್‌ಗಾರ್ಡ್ ಕಡ್ಡಾಯವಾಯಿತು. ವರ್ಷಗಳಿಂದ ವೈನ್ ಮೂಲಕ ಅದನ್ನು ಆಡುತ್ತಿದ್ದವರು ಹೊರಗುಳಿದರು. ಸೆಪ್ಟೆಂಬರ್‌ನಲ್ಲಿ ಜಿಟಿಎ ಆನ್‌ಲೈನ್‌ಗೆ ಬ್ಯಾಟಲ್‌ಐ ಬಂದಿತು. ಲಿನಕ್ಸ್ ಬೆಂಬಲ ತೆರೆಯುವ ಅವಕಾಶವಿದ್ದರೂ ಅದನ್ನು ತೆರೆಯಲಿಲ್ಲ. ಹಣ ಕೊಟ್ಟು ಕೊಂಡ ಆ ಒಂದೇ ಆಟದಲ್ಲಿ ಒಬ್ಬನೇ ಆಡುವ ಕಥಾಭಾಗ ಲಿನಕ್ಸ್‌ನಲ್ಲಿ ಓಡುತ್ತದೆ, ಗೆಳೆಯರೊಡನೆ ಆಡುವ ಭಾಗ ಓಡುವುದಿಲ್ಲ! ಅಕ್ಟೋಬರ್ 31ರಂದು ಏಪೆಕ್ಸ್ ಲೆಜೆಂಡ್ಸ್ ಸರದಿ. 2022ರಲ್ಲಿ ಸ್ಟೀಮ್ ಡೆಕ್‌ಗೆ ಸ್ವಾಗತ ಕೋರಿದ್ದ ಆಟವೇ ಲಿನಕ್ಸ್ ಆಟಗಾರರನ್ನು ಒಟ್ಟಾಗಿ ಹೊರಗಿಟ್ಟಿತು. 2025ರ ಅಕ್ಟೋಬರ್‌ನಲ್ಲಿ ಬಂದ ಬ್ಯಾಟಲ್‌ಫೀಲ್ಡ್ 6 ವಿಂಡೋಸ್‌ನಲ್ಲಿಯೂ ಸೆಕ್ಯೂರ್ ಬೂಟ್ ಕಡ್ಡಾಯವೆಂದಿತು. ಲಿನಕ್ಸ್‌ನ ಮಾತೇ ಇಲ್ಲ.

ಪ್ರಕಾಶಕರ ವಾದವನ್ನೂ ಕೇಳಬೇಕು. ಲಿನಕ್ಸ್‌ನ ಮುಕ್ತತೆಯನ್ನು ಮೋಸಗಾರರು ಮರೆಯಾಗಿ ಬಳಸಿಕೊಳ್ಳುತ್ತಿದ್ದಾರೆ, ಪ್ರಾಮಾಣಿಕ ಲಿನಕ್ಸ್ ಆಟಗಾರನನ್ನೂ ಮೋಸಗಾರನನ್ನೂ ಬೇರ್ಪಡಿಸಿ ಗುರುತಿಸುವುದು ಕಷ್ಟ ಎಂಬುದು ಏಪೆಕ್ಸ್ ಲೆಜೆಂಡ್ಸ್ ಬಳಗ ಕೊಟ್ಟ ಕಾರಣ. ನೂರರಲ್ಲಿ ಮೂವರಿಗಾಗಿ ಉಳಿದ ತೊಂಬತ್ತೇಳು ಮಂದಿಯ ಆಟವನ್ನು ಅಪಾಯಕ್ಕೆ ಒಡ್ಡಲು ವ್ಯಾಪಾರಿ ಮನಸ್ಸು ಒಪ್ಪದು. ಲಿನಕ್ಸ್ ಅಭಿಮಾನಿಗಳ ಪ್ರತಿವಾದವೂ ಹಗುರವಲ್ಲ: ಕರ್ನೆಲ್ ಕಾವಲಿರುವ ವಿಂಡೋಸ್ ಆಟಗಳಲ್ಲಿಯೂ ಮೋಸ ನಿಂತಿಲ್ಲ, ಆಟಗಾರನ ಯಂತ್ರವನ್ನು ಕಾಯುವುದಕ್ಕಿಂತ ಸರ್ವರ್‌ನಲ್ಲಿ ಆಟದ ನಡೆಗಳನ್ನು ಪರೀಕ್ಷಿಸುವುದೇ ಸರಿಯಾದ ಮಾರ್ಗ ಎಂಬುದು ಅವರ ನಿಲುವು. ವಾದ ಮುಗಿದಿಲ್ಲ. ಅದು ಮುಗಿಯುವವರೆಗೆ ಸಂಜೆಯ ಆಟ ಕಾಯುವಂತಿಲ್ಲ.

ಎಲ್ಲರೂ ಕೂಡಬಹುದಾದ ಅಂಗಳಗಳು

ಹಾಗೆಂದು ಲಿನಕ್ಸ್ ಹಾಕಿಕೊಂಡವನು ಏಕಾಂಗಿಯಾಗಬೇಕಿಲ್ಲ. ಗೆಳೆಯರು ಕೂಡಿ ಆಡುವ ಆಟಗಳಲ್ಲಿ ಎರಡು ಬಗೆ. ಅಪರಿಚಿತರ ವಿರುದ್ಧ ಸ್ಪರ್ಧಿಸುವುದು ಒಂದು. ತಮ್ಮತಮ್ಮಲ್ಲೇ ಕೂಡಿ ಕಟ್ಟುವುದು, ಅಲೆಯುವುದು, ಕಾದಾಡುವುದು ಇನ್ನೊಂದು. ಬಿಗಿ ಕಾವಲು ಬೇಕಾಗುವುದು ಹೆಚ್ಚಾಗಿ ಮೊದಲನೆಯ ಬಗೆಗೆ. ಪರಸ್ಪರ ಬಲ್ಲ ನಾಲ್ವರು ಕೂಡಿ ಹೊಲ ಉಳುವ ಆಟದಲ್ಲಿ ಯಾರು ಯಾರಿಗೆ ಮೋಸ ಮಾಡಬೇಕು?

ಆದ್ದರಿಂದಲೇ ಸ್ಟಾರ್‌ಡ್ಯೂ ವ್ಯಾಲಿ, ಟೆರೇರಿಯಾ, ಫ್ಯಾಕ್ಟೋರಿಯೋ, ವಾಲ್‌ಹೈಮ್ ಮೊದಲಾದ ಸಹಕಾರದ ಆಟಗಳು ಲಿನಕ್ಸ್‌ಗೆಂದೇ ಸಿದ್ಧವಾದ ಆವೃತ್ತಿಗಳಲ್ಲಿ ದೊರೆಯುತ್ತವೆ. ಒಬ್ಬ ವಿಂಡೋಸ್‌ನಲ್ಲಿ, ಇನ್ನೊಬ್ಬ ಲಿನಕ್ಸ್‌ನಲ್ಲಿ ಕುಳಿತು ಒಂದೇ ಲೋಕದಲ್ಲಿ ಆಡಲು ಅಡ್ಡಿಯಿಲ್ಲ. ಸ್ಪರ್ಧೆಯೇ ಬೇಕೆನ್ನುವವರಿಗೆ ವಾಲ್ವ್‌ನ ಡೋಟಾ 2 ಹಾಗೂ 2023ರಲ್ಲಿ ಬಂದ ಕೌಂಟರ್-ಸ್ಟ್ರೈಕ್ 2 ಇವೆ. ಇವೆರಡೂ ಲಿನಕ್ಸ್‌ನಲ್ಲಿ ಅಧಿಕೃತವಾಗಿ ಓಡುತ್ತವೆ. ಆದರೆ ಕೌಂಟರ್-ಸ್ಟ್ರೈಕ್ ಪಂದ್ಯಗಳಿಗೆ ಫೇಸ್‌ಇಟ್‌ನಂಥ ಹೊರಗಿನ ವೇದಿಕೆಗಳನ್ನು ಬಳಸುವ ಬಳಗಗಳು ಎಚ್ಚರದಿಂದಿರಬೇಕು. ಆ ವೇದಿಕೆಯ ಸ್ವಂತ ಕಾವಲುಗಾರ ವಿಂಡೋಸ್ ಬಿಟ್ಟು ಬೇರೆಡೆ ಕಾಲಿಡುವುದಿಲ್ಲ.

ಹಣವೇ ಬೇಡವೆನ್ನುವವರಿಗೆ ಮುಕ್ತ ತಂತ್ರಾಂಶದ ಆಟಗಳಿವೆ. ಸಾಮ್ರಾಜ್ಯ ಕಟ್ಟುವ 0 ಎ.ಡಿ., ಓಟದ ಬಂಡಿಯ ಸೂಪರ್‌ಟಕ್ಸ್‌ಕಾರ್ಟ್, ರೈಲು-ಬಸ್ಸುಗಳ ಓಪನ್‌ಟಿಟಿಡಿ - ಮೂರೂ ಎರಡು ವ್ಯವಸ್ಥೆಗಳಲ್ಲಿಯೂ ಉಚಿತ. ಹಳೆಯ ಯಂತ್ರದಲ್ಲಿಯೂ ಇವು ತಕ್ಕಮಟ್ಟಿಗೆ ಓಡುತ್ತವೆ. ಸೂಪರ್‌ಟಕ್ಸ್‌ಕಾರ್ಟ್‌ಗೆ 2019ರಿಂದ ಜಾಲದ ಮೇಲೆ ಕೂಡಿ ಆಡುವ ಸೌಲಭ್ಯವೂ ಬಂದಿದೆ.

ಮೈನ್‌ಕ್ರಾಫ್ಟ್‌ನ ಕಥೆ ಸ್ವಲ್ಪ ವಿಶಿಷ್ಟ. ಹೆಸರು ಒಂದೇ, ಆಟ ಎರಡು. ಜಾವಾ ಆವೃತ್ತಿ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ಓಡುತ್ತದೆ. ಬೆಡ್‌ರಾಕ್ ಆವೃತ್ತಿ ವಿಂಡೋಸ್, ದೂರವಾಣಿ, ಆಟದ ಪೆಟ್ಟಿಗೆಗಳಿಗಾಗಿ ಇದ್ದು, ಲಿನಕ್ಸ್ ಗಣಕಗಳಿಗೆ ಅಧಿಕೃತವಾಗಿ ಇಲ್ಲ. ಇವೆರಡರ ಆಟಗಾರರು ನೇರವಾಗಿ ಒಂದೇ ಲೋಕಕ್ಕೆ ಸೇರಲಾರರು. ಬಳಗದಲ್ಲಿ ಎಲ್ಲರಿಗೂ ಗಣಕವಿದ್ದರೆ ಜಾವಾ ಆವೃತ್ತಿಯನ್ನು ಆರಿಸಿಕೊಳ್ಳುವುದು ಕ್ಷೇಮ. ಒಬ್ಬಿಬ್ಬರು ದೂರವಾಣಿಯಿಂದಲೇ ಆಡುವವರಾದರೆ ಲಿನಕ್ಸ್ ಗೆಳೆಯನಿಗೆ ತೊಡಕು ತಪ್ಪದು. ಸರ್ವರ್ ನಡೆಸುವ ಜ್ಞಾನವಿರುವವರು ಗೀಸರ್ ಎಂಬ ಮುಕ್ತ ತಂತ್ರಾಂಶದ ಸೇತುವೆಯನ್ನು ಪ್ರಯತ್ನಿಸಬಹುದು.

ವಿಂಡೋಸ್‌ಗೂ ತೆರಬೇಕಾದ ಬೆಲೆಯಿದೆ

ಇಷ್ಟೆಲ್ಲ ತಾಪತ್ರಯವೇಕೆ, ವಿಂಡೋಸ್‌ನಲ್ಲಿಯೇ ಇದ್ದುಬಿಟ್ಟರಾಯಿತು ಎನ್ನುವವರ ಮಾತಿನಲ್ಲಿಯೂ ಅರ್ಥವಿದೆ. ಗೆಳೆಯರೆಲ್ಲ ಅಲ್ಲಿಯೇ ಇರುವಾಗ ಅದಕ್ಕಿಂತ ನೇರ ದಾರಿಯಿಲ್ಲ. ಆದರೆ ಆ ದಾರಿಗೂ ಸುಂಕವಿದೆ.

ಮೊದಲನೆಯದು ಹಣ. ಯಂತ್ರ ವಿಂಡೋಸ್ 11ರ ಷರತ್ತಿಗೆ ಒಗ್ಗದಿದ್ದರೆ ಹೊಸ ಯಂತ್ರ ಕೊಳ್ಳಬೇಕು. ಬಿಡಿಭಾಗ ಜೋಡಿಸಿದ ಯಂತ್ರವಾದರೆ ವಿಂಡೋಸ್ ಪರವಾನಗಿಗೂ ಪ್ರತ್ಯೇಕವಾಗಿ ತೆರಬೇಕು. ಕದ್ದ ಪ್ರತಿಯ ಮೊರೆಹೋಗುವುದು ಕಾನೂನಿಗೆ ವಿರುದ್ಧ ಮಾತ್ರವಲ್ಲ, ಕಂಡವರ ಸಕ್ರಿಯಗೊಳಿಸುವ ತಂತ್ರಾಂಶವನ್ನು ಯಂತ್ರದ ಒಳಕ್ಕೆ ಬಿಟ್ಟುಕೊಳ್ಳುವ ಅಪಾಯವೂ ಹೌದು. ಭದ್ರತಾ ಪರಿಷ್ಕರಣೆ ನಿಂತ ವಿಂಡೋಸ್ 10ರಲ್ಲಿಯೇ ಮುಂದುವರಿಯುವುದೂ ಬಹುಕಾಲ ನಡೆಯುವ ಮಾತಲ್ಲ. ವಿಂಡೋಸ್ 7 ಮತ್ತು 8ಕ್ಕೆ ಸ್ಟೀಮ್ 2024ರ ಜನವರಿ 1ರಂದು ಬೆಂಬಲ ನಿಲ್ಲಿಸಿದ್ದು ಎಲ್ಲರಿಗೂ ನೆನಪಿದೆ.

ಎರಡನೆಯದು ಗರ್ಭಗುಡಿಯ ಕೀಲಿ. ಬ್ಯಾಂಕಿನ ವ್ಯವಹಾರ, ಕಚೇರಿಯ ಕಡತ, ಮನೆಯವರ ಛಾಯಾಚಿತ್ರಗಳೆಲ್ಲ ಇರುವ ಯಂತ್ರದ ತಿರುಳಿನಲ್ಲಿ ಆಟದ ಸಂಸ್ಥೆಯ ಕಾವಲುಗಾರನೊಬ್ಬ ಕುಳಿತಿರುತ್ತಾನೆ. ಅವನು ಪ್ರಾಮಾಣಿಕನೇ ಇರಬಹುದು. ಎಡವಿದರೆ ಏನಾಗಬಹುದೆಂಬುದಕ್ಕೆ 2024ರ ಜುಲೈ 19ರ ಘಟನೆ ಸಾಕ್ಷಿ. ಅಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳುಹಿಸಿದ ದೋಷಪೂರಿತ ಪರಿಷ್ಕರಣೆಯೊಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸುಗಳು ಕಾಣಿಸಿಕೊಂಡವು. ಅದು ಆಟದ ತಂತ್ರಾಂಶವಲ್ಲ ನಿಜ. ಆದರೆ ಅದು ಕುಳಿತಿದ್ದ ಜಾಗ ಅದೇ ಗರ್ಭಗುಡಿ.

ಎರಡು ದೋಣಿಯ ಪಯಣ

ಎರಡೂ ಬೇಕೆನ್ನುವವರಿಗೆ ಮಧ್ಯಮಾರ್ಗವೊಂದಿದೆ: ಒಂದೇ ಯಂತ್ರದಲ್ಲಿ ಎರಡೂ ವ್ಯವಸ್ಥೆಗಳನ್ನು ಇಟ್ಟುಕೊಂಡು, ಚಾಲೂ ಮಾಡುವಾಗ ಬೇಕಾದುದನ್ನು ಆರಿಸಿಕೊಳ್ಳುವುದು. ದಿನದ ಕೆಲಸಕ್ಕೆ ಲಿನಕ್ಸ್, ರಾತ್ರಿಯ ಆಟಕ್ಕೆ ವಿಂಡೋಸ್. ಎರಡು ದೋಣಿಯ ಮೇಲೆ ಕಾಲಿಡಬಾರದೆಂದು ಹಿರಿಯರು ಹೇಳಿದ್ದರೂ ಇಲ್ಲಿ ಅದು ಸಾಧ್ಯ. ಷರತ್ತುಗಳು ಮಾತ್ರ ಇವೆ. ಯಂತ್ರ ವಿಂಡೋಸ್ 11ಕ್ಕೆ ಅರ್ಹವಾಗಿರಬೇಕು. ಸಾಧ್ಯವಾದರೆ ಎರಡಕ್ಕೂ ಬೇರೆಬೇರೆ ಡಿಸ್ಕ್ ಇರಲಿ. ಒಂದರ ಪರಿಷ್ಕರಣೆ ಇನ್ನೊಂದರ ಬೂಟ್ ವ್ಯವಸ್ಥೆಯನ್ನು ಕೆಡಿಸುವ ಭಯ ಆಗ ಕಡಿಮೆ. ಬಿಟ್‌ಲಾಕರ್ ಬಳಸುತ್ತಿದ್ದರೆ ಅದರ ಮರುಪ್ರಾಪ್ತಿ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಸೆಕ್ಯೂರ್ ಬೂಟ್ ಕೇಳುವ ಆಟಗಳಿದ್ದರೆ ಅದರೊಡನೆ ಹೊಂದಿಕೊಳ್ಳುವ ಉಬುಂಟು, ಫೆಡೋರಾ ಮುಂತಾದ ಲಿನಕ್ಸ್ ವಿತರಣೆಗಳನ್ನೇ ಆರಿಸಬೇಕು. ಎನ್‌ವಿಡಿಯಾ ಕಾರ್ಡ್ ಇದ್ದರೆ ಚಾಲಕ ತಂತ್ರಾಂಶದ ಸಹಿಯ ಕಡೆಗೂ ಗಮನ ಕೊಡಬೇಕಾಗುತ್ತದೆ; ಎಎಂಡಿ, ಇಂಟೆಲ್ ಕಾರ್ಡುಗಳ ಚಾಲಕಗಳು ಲಿನಕ್ಸ್ ಕರ್ನೆಲ್‌ನೊಡನೆಯೇ ಬರುವುದರಿಂದ ಆ ಗೊಡವೆಯಿಲ್ಲ.

ಲಿನಕ್ಸ್‌ನ ಒಳಗೇ ವರ್ಚುವಲ್ ಯಂತ್ರ ಮಾಡಿ ಅದರಲ್ಲಿ ವಿಂಡೋಸ್ ಓಡಿಸುವ ಉಪಾಯವನ್ನು ಕೆಲವರು ಸೂಚಿಸುತ್ತಾರೆ. ಇತರ ತಂತ್ರಾಂಶಗಳಿಗೆ ಅದು ಸರಿ. ಬಿಗಿ ಕಾವಲಿನ ಆಟಗಳಿಗೆ ಅಲ್ಲ. ವ್ಯಾನ್‌ಗಾರ್ಡ್‌ನಂಥವು ವರ್ಚುವಲ್ ಯಂತ್ರವನ್ನು ಗುರುತಿಸಿ ನಿರಾಕರಿಸುತ್ತವೆ. ಕಾವಲುಗಾರನ ಕಣ್ಣು ತಪ್ಪಿಸುವ ಸಾಹಸಕ್ಕೆ ಇಳಿದರೆ ಖಾತೆಯೇ ರದ್ದಾಗುವ ಅಪಾಯವಿದೆ. ಡೆಸ್ಟಿನಿ 2 ಆಟದ ತಯಾರಕರಾದ ಬಂಜಿ ಸಂಸ್ಥೆ 2022ರಲ್ಲಿ ಸ್ಟೀಮ್ ಡೆಕ್ ಬಳಕೆದಾರರಿಗೆ ಇಂಥದೇ ಎಚ್ಚರಿಕೆ ಕೊಟ್ಟಿತ್ತು. ವರ್ಷಗಟ್ಟಲೆ ಆಡಿ ಗಳಿಸಿದ ಖಾತೆಯನ್ನು ಪಣಕ್ಕಿಡುವುದು ಜಾಣತನವಲ್ಲ.

ಹೊಸ ಯಂತ್ರ ಕೊಳ್ಳಲಾಗದ, ಬಳಗವನ್ನೂ ಬಿಡಲಾಗದ ನಗರವಾಸಿಗಳಿಗೆ ಹಳೆಯ ದಾರಿಯೊಂದು ಉಳಿದಿದೆ: ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಗೇಮಿಂಗ್ ಕೆಫೆಯಲ್ಲಿ ಆಡುವುದು. ಮನೆಯ ಯಂತ್ರ ಲಿನಕ್ಸ್‌ನಲ್ಲಿ ಸುರಕ್ಷಿತವಾಗಿರುತ್ತದೆ, ವಾರಾಂತ್ಯದ ವ್ಯಾಲರಂಟ್ ಕೆಫೆಯಲ್ಲಿ ಸಾಗುತ್ತದೆ.

ಡಿಸ್ಕ್ ಅಳಿಸುವ ಮುನ್ನ

ಬಳಗ ಒಮ್ಮೆ ಕುಳಿತು ಮೂರು ವಿಷಯಗಳನ್ನು ಇತ್ಯರ್ಥ ಮಾಡಿಕೊಂಡರೆ ನಿರ್ಧಾರ ತಾನಾಗಿಯೇ ತಿಳಿಯಾಗುತ್ತದೆ.

ಮೊದಲನೆಯದಾಗಿ, ಕಳೆದ ಮೂರು ತಿಂಗಳಲ್ಲಿ ಬಳಗ ನಿಜವಾಗಿ ಆಡಿದ ಆಟಗಳ ಪಟ್ಟಿ. ಆಡಬೇಕೆಂದುಕೊಂಡದ್ದಲ್ಲ, ಆಡಿದ್ದು. ಆ ಪಟ್ಟಿಯಲ್ಲಿ ವ್ಯಾಲರಂಟ್, ಫೋರ್ಟ್‌ನೈಟ್, ಲೀಗ್ ಆಫ್ ಲೆಜೆಂಡ್ಸ್, ಏಪೆಕ್ಸ್, ಕಾಲ್ ಆಫ್ ಡ್ಯೂಟಿಗಳಲ್ಲಿ ಒಂದಿದ್ದು ಅದೇ ಬಳಗದ ಪ್ರಾಣವಾಗಿದ್ದರೆ, ಆ ಆಟದ ಮಟ್ಟಿಗೆ ವಿಂಡೋಸ್ ಬೇಕೇ ಬೇಕು.

ಎರಡನೆಯದಾಗಿ, ಪ್ರತಿಯೊಂದು ಆಟದ ಇಂದಿನ ಸ್ಥಿತಿ. ಲಿನಕ್ಸ್‌ನಲ್ಲಿ ಯಾವ ಆಟ ಹೇಗೆ ಓಡುತ್ತದೆಂಬ ಬಳಕೆದಾರರ ಅನುಭವಗಳನ್ನು ಪ್ರೋಟಾನ್‌ಡಿಬಿ ಎಂಬ ತಾಣ ಒಟ್ಟುಗೂಡಿಸುತ್ತದೆ. ಕಥಾಭಾಗ ಓಡಿತೆಂಬ ವರದಿಗೂ ಜಾಲದ ಆಟ ಓಡಿತೆಂಬ ವರದಿಗೂ ಇರುವ ವ್ಯತ್ಯಾಸವನ್ನು ಗಮನಿಸಿ ಓದಬೇಕು. ವರದಿಯ ದಿನಾಂಕವನ್ನೂ ನೋಡಬೇಕು; ಹೋದ ವರ್ಷದ ಸತ್ಯ ಈ ವರ್ಷ ಸುಳ್ಳಾಗಿರಬಹುದು.

ಮೂರನೆಯದಾಗಿ, ಒಬ್ಬ ಗೆಳೆಯನಿಗಾಗಿ ಆಟ ಬದಲಿಸಲು ಉಳಿದವರು ಸಿದ್ಧರೇ? ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲು ಅನೇಕರು ಹಿಂಜರಿಯುತ್ತಾರೆ. ಕೇಳದೆ ವ್ಯವಸ್ಥೆ ಬದಲಿಸಿದವನು ಮೆಲ್ಲನೆ ಬಳಗದಿಂದ ಜಾರುತ್ತಾನೆ. ಮೊದಲ ವಾರ ಅವನಿಗಾಗಿ ಬೇರೆ ಆಟ, ಎರಡನೆಯ ವಾರ ಒಂದು ಗಂಟೆ, ಮೂರನೆಯ ವಾರ ಯಾರಿಗೂ ನೆನಪಿಲ್ಲ. ಕೇಳಿ ಬದಲಿಸಿದವನಿಗೆ ವಾರದ ಒಂದು ಸಂಜೆಯಾದರೂ ಎಲ್ಲರಿಗೂ ಒಗ್ಗುವ ಆಟಕ್ಕೆಂದು ಮೀಸಲಾಗುವ ಸಾಧ್ಯತೆಯಿದೆ.

ಲಿನಕ್ಸ್ ಮೇಲೋ ವಿಂಡೋಸ್ ಮೇಲೋ ಎಂಬ ಚರ್ಚೆಗೆ ಕೊನೆಯಿಲ್ಲ. ಗೆಳೆಯರ ಆಟದ ಮಟ್ಟಿಗೆ ಹೇಳಬಹುದಾದದ್ದು ಇಷ್ಟೇ: ಮೊದಲು ಬಳಗ, ಆಮೇಲೆ ಆಟ, ಕೊನೆಗೆ ವ್ಯವಸ್ಥೆ. ಈ ಅನುಕ್ರಮವನ್ನು ತಲೆಕೆಳಗು ಮಾಡಿದವರಿಗೆ ಒಳ್ಳೆಯ ಯಂತ್ರ ಸಿಕ್ಕೀತು, ಜೊತೆಗೆ ಆಡುವವರು ಸಿಗಲಿಕ್ಕಿಲ್ಲ.